ಹರಾಜು ನೋಟಿಸಿಗಿಂತ ಮೊದಲೇ ಬಂದ ಫೋನ್: ಒಂದು ಪತ್ತಿನ ಸಹಕಾರಿಯ ಡೇಟಾಬೇಸ್ ತನಿಖೆ

ಮೈಸೂರಿನಲ್ಲಿ ಮುಖ್ಯ ಕಚೇರಿ, ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲಿ ಶಾಖೆಗಳು ಇರುವ ಒಂದು ಪತ್ತಿನ ಸಹಕಾರಿಯಲ್ಲಿ ಈ ಪ್ರಕರಣ ನಡೆಯಿತು. ಅಲ್ಲಿನ ವ್ಯವಹಾರದ ದೊಡ್ಡ ಪಾಲು ಚಿನ್ನದ ಸಾಲ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಗುರುತು ಹತ್ತಬಾರದೆಂದು ಊರು, ಮೊತ್ತ, ಹುದ್ದೆಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ತನಿಖೆ ಹಿಡಿದ ದಾರಿಯನ್ನು ಮಾತ್ರ ಇದ್ದಂತೆಯೇ ಬರೆದಿದ್ದೇನೆ. ಡೇಟಾಬೇಸ್ ನೋಡಿಕೊಳ್ಳುವುದು ನನ್ನ ವೃತ್ತಿ. ಆಡಳಿತ ಮಂಡಳಿ ನನ್ನನ್ನು ಕರೆಸಿದ್ದು ಆ ಕಾರಣಕ್ಕೆ.

ದೂರು

20ನೇ ತಾರೀಖಿನ ಸೋಮವಾರ ಸಂಜೆ ಪಾಂಡವಪುರ ಶಾಖೆ ಬಾಗಿಲು ಹಾಕುವ ಹೊತ್ತಿಗೆ ಕೆ.ಆರ್. ಪೇಟೆ ಕಡೆಯ ಒಬ್ಬರು ಬಂದು ಜಗಳ ತೆಗೆದರು. ಅವರು ಸಂಸ್ಥೆಯ ಸದಸ್ಯರಲ್ಲ. ಅವರ ಅತ್ತೆ ಅಲ್ಲಿ ಒಂದು ಸರ ಅಡವಿಟ್ಟು ಒಂದೂವರೆ ಲಕ್ಷ ರೂಪಾಯಿ ಸಾಲ ಪಡೆದಿದ್ದರು. 18ರಂದು ಅಳಿಯನ ಮೊಬೈಲಿಗೆ ಯಾರೋ ಕರೆ ಮಾಡಿ, ‘ನಿಮ್ಮ ಸರ ಹರಾಜಿಗೆ ಬರುತ್ತಿದೆ, ನಾವೇ ಸಾಲ ತೀರಿಸಿ ಬಿಡಿಸಿಕೊಂಡು ಇವತ್ತಿನ ದರಕ್ಕೆ ಕೊಳ್ಳುತ್ತೇವೆ, ಮಿಕ್ಕ ಹಣ ಕೈಗೆ ಕೊಡುತ್ತೇವೆ’ ಎಂದಿದ್ದರು. ಅಡವಿಟ್ಟ ಚಿನ್ನವನ್ನು ಬಿಡಿಸಿ ಕೊಳ್ಳುವ ಇಂಥ ವ್ಯಾಪಾರದ ಫಲಕಗಳು ಮೈಸೂರಿನ ಬೀದಿಗಳಲ್ಲಿ ಬೇಕಾದಷ್ಟು ಕಾಣುತ್ತವೆ. ವ್ಯಾಪಾರದಲ್ಲಿ ತಪ್ಪೇನೂ ಇಲ್ಲ. ಆದರೆ ಹರಾಜು ನೋಟಿಸ್ ಇನ್ನೂ ಅಂಚೆಗೇ ಬಿದ್ದಿರಲಿಲ್ಲ.

‘ನಮ್ಮ ಅತ್ತೆ ಸರ ಅಡವಿಟ್ಟಿರುವುದು ನನಗೇ ಗೊತ್ತಿರಲಿಲ್ಲ ಸಾರ್. ಯಾರೋ ದಾರಿಹೋಕ ಫೋನ್ ಮಾಡಿ ಹೇಳಬೇಕಿತ್ತೇ?’ ಎಂದು ಅವರು ವ್ಯವಸ್ಥಾಪಕರನ್ನು ಕೇಳಿದರಂತೆ. ಮಾಹಿತಿ ಸೋರಿಕೆಯ ಬಗ್ಗೆ ಮಾತಾಡುವವರು ಹಣದ ನಷ್ಟವನ್ನೇ ಎಣಿಸುತ್ತಾರೆ. ಆ ಮನೆಯಲ್ಲಿ ಆದ ನಷ್ಟ ಬೇರೆ ಬಗೆಯದು. ಮಗಳ ಮನೆಗೆ ತಿಳಿಯದಂತೆ ಬಿತ್ತನೆಯ ಖರ್ಚಿಗೆಂದು ಹಣ ಹೊಂದಿಸಿಕೊಂಡಿದ್ದ ಆ ತಾಯಿ, ನಂತರ ಶಾಖೆಗೆ ಬಂದಾಗ ಕೌಂಟರಿನ ಮುಂದೆ ತಲೆ ಎತ್ತಿ ಮಾತಾಡಲಿಲ್ಲ ಎಂದು ಗುಮಾಸ್ತೆ ಹೇಳಿದರು.

ಅಳಿಯನ ಕೈಯಲ್ಲಿ ಗೊಬ್ಬರದ ಅಂಗಡಿಯ ಒಂದು ರಸೀದಿ ಇತ್ತು. ಕರೆ ಮಾಡಿದವನು ಹೇಳಿದ ಅಂಕಿಗಳನ್ನು ಅವರು ಅದರ ಹಿಂದೆ ಗೀಚಿಕೊಂಡಿದ್ದರು: ಚಿನ್ನದ ತೂಕ 38.600 ಗ್ರಾಂ, ಜೊತೆಗೆ ಅಸಲು ಬಡ್ಡಿ ಸೇರಿದ ಬಾಕಿ ಮೊತ್ತ. ಇಡೀ ತನಿಖೆ ನಿಂತದ್ದು ಈ ರಸೀದಿಯ ಮೇಲೆ.

ಮೊದಲನೆಯದಾಗಿ, 38.600 ನಿವ್ವಳ ತೂಕ. ಸರದ ಒಟ್ಟು ತೂಕ 43.200 ಗ್ರಾಂ. ಕಲ್ಲು, ಅರಗು, ದಾರದ ತೂಕವನ್ನು ಕಳೆದು ನಿವ್ವಳ ತೂಕ ಬರೆಯುವುದು ಸಂಸ್ಥೆಯ ಚಿನ್ನ ಪರೀಕ್ಷಕರು. ಮನೆಯವರಿಗೆ ನೆನಪಿರುವುದು ಒಟ್ಟು ತೂಕ; ನಿವ್ವಳ ತೂಕ ಇರುವುದು ಅಡವು ಪತ್ರದಲ್ಲಿ ಮತ್ತು ಕಂಪ್ಯೂಟರಿನಲ್ಲಿ. ಎರಡನೆಯದಾಗಿ, ಸಾಲ ನವೀಕರಿಸಿದಾಗ ಅಡವು ಪತ್ರದಲ್ಲಿ ಆ ತಾಯಿ ತಮ್ಮ ಮಗನ ಹೊಸ ಮೊಬೈಲ್ ಸಂಖ್ಯೆ ಬರೆಸಿದ್ದರು. ಕಂಪ್ಯೂಟರಿನಲ್ಲಿ ಅದನ್ನು ಯಾರೂ ತಿದ್ದಿರಲಿಲ್ಲ. ಅಲ್ಲಿ ಇನ್ನೂ ಅಳಿಯನ ಹಳೆಯ ಸಂಖ್ಯೆಯೇ ಇತ್ತು. ಕರೆ ಹೋದದ್ದು ಅಳಿಯನಿಗೆ. ಹಾಗಾದರೆ ಮಾಹಿತಿ ಕಾಗದದಿಂದ ಹೋಗಿಲ್ಲ, ಡೇಟಾಬೇಸಿನಿಂದ ಹೋಗಿದೆ.

ಮೂರನೆಯದು ಬಡ್ಡಿ. ಒಂದೂವರೆ ಲಕ್ಷಕ್ಕೆ ವರ್ಷಕ್ಕೆ ಶೇ 12ರಂತೆ ದಿನಕ್ಕೆ 49 ರೂಪಾಯಿ 32 ಪೈಸೆ ಬಡ್ಡಿ ಬೆಳೆಯುತ್ತದೆ. ಕರೆ ಮಾಡಿದವನು ಹೇಳಿದ ಮೊತ್ತ 18ರ ನಿಜವಾದ ಬಾಕಿಗಿಂತ 197 ರೂಪಾಯಿ ಕಡಿಮೆ ಇತ್ತು. ನಾಲ್ಕು ದಿನದ ಬಡ್ಡಿ. ಅಂದರೆ ಅವನ ಕೈಯಲ್ಲಿದ್ದದ್ದು 14ನೇ ತಾರೀಖಿನ ಲೆಕ್ಕ. ಶಾಖೆಗಳಿಗೆ ಫೋನ್ ಮಾಡಿ ವಿಚಾರಿಸಿದಾಗ ಮದ್ದೂರಿನಲ್ಲಿ, ಶ್ರೀರಂಗಪಟ್ಟಣದಲ್ಲಿ ಕೂಡ ಇಂಥ ಕರೆ ಬಂದವರಿದ್ದರು. ಮೊತ್ತ ನೆನಪಿದ್ದವರ ಲೆಕ್ಕವನ್ನೂ ಹಿಂದಕ್ಕೆ ಬಿಡಿಸಿದೆವು. ಅವೂ 14ಕ್ಕೇ ಬಂದು ನಿಂತವು.

ಉಳಿದಿದ್ದ ಒಂದು ಫೈಲ್

ಸಾಫ್ಟ್‌ವೇರ್ ಒಂದು ಖಾಸಗಿ ಕಂಪನಿಯದು. ಅದರ ಹಿಂದೆ ಇರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಸರ್ವರ್ ಮೈಸೂರಿನ ಮುಖ್ಯ ಕಚೇರಿಯಲ್ಲಿದೆ. ಯಾರು ಯಾವ ಖಾತೆಯನ್ನು ಬದಲಿಸಿದರು ಎಂಬುದಕ್ಕೆ ಸಾಫ್ಟ್‌ವೇರಿನಲ್ಲಿ ಒಳ್ಳೆಯ ದಾಖಲೆ ಇತ್ತು. ಯಾರು ನೋಡಿದರು ಎಂಬುದಕ್ಕೆ ಏನೂ ಇರಲಿಲ್ಲ. ಇದು ಈ ಒಂದು ಕಂಪನಿಯ ದೋಷವೆಂದು ಹೇಳಲಾರೆ. ಹಣದ ಲೆಕ್ಕ ಇಡುವವರಿಗೆ ಬದಲಾವಣೆ ಕಣ್ಣಿಗೆ ಬೀಳುತ್ತದೆ, ಓದು ಬೀಳುವುದಿಲ್ಲ. ಡೇಟಾಬೇಸಿಗೂ ಅದೇ ಸ್ವಭಾವವಿದೆ: ಸಾಲು ಸೇರಿಸಿದಾಗ, ತಿದ್ದಿದಾಗ, ಅಳಿಸಿದಾಗ ತಾನಾಗಿ ಓಡುವ ಟ್ರಿಗರ್‌ಗಳನ್ನು ಬರೆಯಬಹುದು, ಸೆಲೆಕ್ಟ್ ಆದೇಶಕ್ಕೆ, ಅಂದರೆ ಬರೀ ಓದಿಗೆ, ಟ್ರಿಗರ್ ಎಂಬುದೇ ಇಲ್ಲ.

ಆದರೆ ಸರ್ವರ್ ಸ್ಥಾಪಿಸಿದವರು ಯಾವುದೋ ಕಾಲದಲ್ಲಿ, ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವ ಆದೇಶಗಳನ್ನು ಲಾಗ್ ಫೈಲಿಗೆ, ಅಂದರೆ ಸರ್ವರಿನ ದಿನಚರಿಗೆ, ಬರೆಯುವಂತೆ ಹೊಂದಿಸಿದ್ದರು. ವೇಗದ ತೊಂದರೆ ಹುಡುಕಲು ಮಾಡುವ ಏರ್ಪಾಡು ಅದು. ಎಲ್ಲ ಶಾಖೆಗಳ ಸಾಲಗಳನ್ನು ಜಾಲಾಡುವ ಆದೇಶ ನಿಧಾನವಾಗಿಯೇ ಓಡಬೇಕು. ಓಡಿದ್ದರೆ ಅಲ್ಲಿ ಸಿಗಬೇಕು.

ಇಲ್ಲೊಂದು ಗಂಡಾಂತರವಿತ್ತು. ರೆಡ್‌ಹ್ಯಾಟ್ ಬಗೆಯ ಲಿನಕ್ಸ್‌ಗಳಲ್ಲಿ ಪೋಸ್ಟ್‌ಗ್ರೆಸ್ ಸ್ಥಾಪಿಸಿದರೆ ಲಾಗ್ ಫೈಲ್‌ಗಳಿಗೆ ಸಾಮಾನ್ಯವಾಗಿ ವಾರದ ಹೆಸರು ಬೀಳುತ್ತದೆ: ಸೋಮವಾರಕ್ಕೊಂದು, ಮಂಗಳವಾರಕ್ಕೊಂದು. ಮುಂದಿನ ಮಂಗಳವಾರ ಬಂದೊಡನೆ ಹಳೆಯ ಮಂಗಳವಾರವನ್ನು ಅಳಿಸಿ ಅದರ ಮೇಲೆಯೇ ಬರೆಯುತ್ತದೆ. 14 ಮಂಗಳವಾರ. ದೂರು ಬಂದದ್ದು 20ರ ಸಂಜೆ. ಸರ್ವರಿನ ಗಡಿಯಾರ ಗ್ರೀನಿಚ್ ಸಮಯಕ್ಕೆ ಸಮನಾದ ಯುಟಿಸಿಯಲ್ಲಿ ಇದ್ದುದರಿಂದ ಆ ಫೈಲ್ ಅಳಿಯುವುದು ನಮ್ಮ ಮಧ್ಯರಾತ್ರಿಗೆ ಬದಲಾಗಿ ಮರುದಿನ ಬೆಳಗಿನ ಐದೂವರೆಗೆ. ರಾತ್ರಿಯೇ ಏಳೂ ಫೈಲ್‌ಗಳನ್ನು ನಕಲಿಸಿ, ಪ್ರತಿಯೊಂದರ ಹ್ಯಾಶ್ ಮೌಲ್ಯ (ಫೈಲಿನಲ್ಲಿ ಒಂದಕ್ಷರ ಬದಲಾದರೂ ಬದಲಾಗುವ ಬೆರಳಚ್ಚಿನಂಥ ಸಂಖ್ಯೆ) ತೆಗೆದು, ಅದನ್ನು ಕಾಗದದ ಮೇಲೆ ಮುದ್ರಿಸಿ ಇಬ್ಬರು ನಿರ್ದೇಶಕರ ಸಹಿ ಹಾಕಿಸಿದೆವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಬೇಕಾದ 63ನೇ ಕಲಂನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ಬರೆಯಲು ಜಾಗವೇ ಇದೆ. ನಂತರ ತೆಗೆದರೆ ‘ನಡುವೆ ತಿದ್ದಿದ್ದೀರಿ’ ಎನ್ನಲು ಎದುರಿನ ವಕೀಲರಿಗೆ ಅವಕಾಶ ಸಿಗುತ್ತದೆ.

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಡಿ 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಒಂದು ವರ್ಷ ಎನ್ನುತ್ತವೆ. ಆ ಭಾಗ ಜಾರಿಗೆ ಬರಲು 18 ತಿಂಗಳ ಗಡುವಿದೆ. ಇಲ್ಲಿದ್ದದ್ದು ಏಳು ದಿನ. ಅದನ್ನು ಏಳು ದಿನಕ್ಕೆ ಇಳಿಸಿದವರು ಯಾರೂ ಇಲ್ಲ. ಅದು ಇದ್ದದ್ದೇ ಹಾಗೆ, ಯಾರೂ ತೆರೆದು ನೋಡಿರಲಿಲ್ಲ.

ಮಂಗಳವಾರದ ಫೈಲಿನಲ್ಲಿ ಬೇಕಾದದ್ದು ಸಿಕ್ಕಿತು. ಮಧ್ಯಾಹ್ನ 1 ಗಂಟೆ 10 ನಿಮಿಷಕ್ಕೆ ಒಂದು ಉದ್ದದ ಆದೇಶ. ಊಟದ ಹೊತ್ತಿನಲ್ಲಿ ಯಾರೋ ಮಾಡಿದ್ದಾರೆ ಎಂದು ಮುಖ್ಯ ಕಚೇರಿಯವರು ತಮ್ಮತಮ್ಮಲ್ಲೇ ಮುಖ ನೋಡಿಕೊಂಡರು. ಆದರೆ ಅದು ಯುಟಿಸಿ. ಐದೂವರೆ ಗಂಟೆ ಸೇರಿಸಿದರೆ ಸಂಜೆ 6.40. ಕಚೇರಿ ಮುಚ್ಚಿದ ಮೇಲೆ.

ಆದೇಶವನ್ನು ಓದುವುದು

ಆ ಆದೇಶದ ಮುಂದೆ ನಾನು ಬಹಳ ಹೊತ್ತು ಕುಳಿತೆ. ಡೇಟಾಬೇಸಿಗೆ ಹಾಕಿದ ಪ್ರಶ್ನೆಯಲ್ಲಿ ಕೇಳಿದವನ ಕಸುಬು ಕಾಣುತ್ತದೆ. ಗ್ರಾಹಕರ ಕೋಷ್ಟಕ, ಸಾಲದ ಕೋಷ್ಟಕ, ಅಡವು ವಸ್ತುಗಳ ಕೋಷ್ಟಕ ಮೂರನ್ನೂ ಜೋಡಿಸಿ ಹೆಸರು, ಮೊಬೈಲ್ ಸಂಖ್ಯೆ, ನಿವ್ವಳ ತೂಕ, ಅಂದಿನ ಬಾಕಿ ಇಷ್ಟನ್ನೇ ತೆಗೆಯಲಾಗಿತ್ತು. ವಿಳಾಸ ಇಲ್ಲ. ಜಾಮೀನುದಾರರಿಲ್ಲ. ಸದಸ್ಯ ಸಂಖ್ಯೆ ಇಲ್ಲ. ಸಾಲಕ್ಕೆ ಹನ್ನೊಂದು ತಿಂಗಳು ದಾಟಿರಬೇಕು, ನಿವ್ವಳ ತೂಕ 20 ಗ್ರಾಂಗಿಂತ ಹೆಚ್ಚಿರಬೇಕು ಎಂಬ ಎರಡು ಷರತ್ತುಗಳು. ಶಾಖೆಯ ಷರತ್ತು ಇಲ್ಲ. ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿ.

ಸುಸ್ತಿ ವಸೂಲಿಗೆ ಹೊರಡುವವರಿಗೆ ಮೊದಲು ಬೇಕಾಗುವುದು ವಿಳಾಸ. ಅವರ ಪಟ್ಟಿ ಶಾಖೆವಾರು, ಊರುವಾರು, ಬಾಕಿ ದಿನಗಳವಾರು ಇರುತ್ತದೆ. ಹರಾಜು ನೋಟಿಸ್ ತಯಾರಿಸುವವರಿಗೆ ವಿಳಾಸವೂ ಸಾಲದ ಸಂಖ್ಯೆಯೂ ಬೇಕು. ಲೆಕ್ಕ ಪರಿಶೋಧಕರಿಗೆ ತೂಕ ಬೇಕಾಗುತ್ತದೆ, ಆದರೆ ಮೊಬೈಲ್ ಸಂಖ್ಯೆ ಬೇಡ. ತೂಕ ಹೆಚ್ಚಿರುವವರನ್ನು ಮೇಲಿಟ್ಟು, ಫೋನ್ ಸಂಖ್ಯೆಯನ್ನು ಪಕ್ಕದಲ್ಲಿಟ್ಟು ಓದುವ ಅಗತ್ಯ ಇರುವುದು ಚಿನ್ನ ಕೊಳ್ಳುವವನಿಗೆ ಮಾತ್ರ. ಸಂಸ್ಥೆಯ ವರದಿಗಳ ಪೂರ್ಣ ಪಟ್ಟಿ ತರಿಸಿ ಒಂದೊಂದನ್ನೂ ಹೋಲಿಸಿದೆವು. ತೂಕದ ಇಳಿಕೆ ಕ್ರಮದ ವರದಿ ಒಂದೂ ಇರಲಿಲ್ಲ.

ಯಾರು ಓಡಿಸಿದ್ದು? ಬಳಕೆದಾರ ಹೆಸರು ‘ರಿಪೋರ್ಟ್’. ಎಕ್ಸೆಲ್‌ಗೆ ನೇರವಾಗಿ ಪಟ್ಟಿ ತರಿಸಿಕೊಳ್ಳಲೆಂದು ಯಾವಾಗಲೋ ಮಾಡಿದ ಖಾತೆ. ಪಾಸ್‌ವರ್ಡ್ ಲೆಕ್ಕ ವಿಭಾಗಕ್ಕೆ ಗೊತ್ತು, ಸಾಲ ವಿಭಾಗಕ್ಕೆ ಗೊತ್ತು, ಸಾಫ್ಟ್‌ವೇರ್ ಕಂಪನಿಯ ಬೆಂಬಲ ತಂಡಕ್ಕೆ ಗೊತ್ತು, ಹಿಂದೆ ಕೆಲಸ ಬಿಟ್ಟು ಹೋದ ಒಬ್ಬರಿಗೂ ಗೊತ್ತು. ಬಂದ ವಿಳಾಸ ಕಂಪನಿಯವರೂ ಕಚೇರಿಯವರೂ ದೂರದಿಂದ ಒಳಬರಲು ಬಳಸುವ ಒಂದೇ ಯಂತ್ರದ್ದು. ಆ ಯಂತ್ರದಲ್ಲಿ ಎಲ್ಲರೂ ಒಳಬರುವುದು ಅಡ್ಮಿನಿಸ್ಟ್ರೇಟರ್ ಎಂಬ ಒಂದೇ ಹೆಸರಿನಲ್ಲಿ. ಅಲ್ಲಿಗೆ ದಾರಿ ಮುಚ್ಚಿತು. ಸೋರಿಕೆ ನಡೆದಿದೆ, ಯಾವ ನಿಮಿಷಕ್ಕೆ, ಯಾವ ಪ್ರಶ್ನೆಯಿಂದ ಎಂಬುದೂ ಗೊತ್ತು. ಕೈ ಯಾರದು ಎಂಬುದು ಮಾತ್ರ ಗೊತ್ತಿಲ್ಲ. ಮಾಹಿತಿ ಸೋರಿಕೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ ನಿಯಮವಿದೆ. ಅಷ್ಟು ವಿವರದೊಂದಿಗೇ ಅದನ್ನು ಕಳಿಸಲಾಯಿತು.

ಏನನ್ನು ಬರೆದಿಡುವುದು

ಮಂಡಳಿಯ ಸಭೆಯಲ್ಲಿ ಎರಡು ಸಲಹೆ ಬಂದವು. ಎಲ್ಲವನ್ನೂ ದಾಖಲಿಸೋಣ ಎಂಬುದು ಒಂದು. ಕೃತಕ ಬುದ್ಧಿಮತ್ತೆಯಿಂದ ಅಸಹಜ ವರ್ತನೆ ಹಿಡಿಯುತ್ತದೆ ಎಂಬ ಒಂದು ದುಬಾರಿ ಉತ್ಪನ್ನವನ್ನು ಕೊಳ್ಳೋಣ ಎಂಬುದು ಇನ್ನೊಂದು. ಎರಡನೆಯದರ ಬೆಲೆ ಕೇಳಿ ಅಧ್ಯಕ್ಷರೇ ಅದನ್ನು ಕೈಬಿಟ್ಟರು. ಮೊದಲನೆಯದನ್ನು ನಾನು ವಿರೋಧಿಸಬೇಕಾಯಿತು. ಕೌಂಟರಿನಲ್ಲಿ ಒಂದು ಖಾತೆ ತೆರೆದರೆ ಹಿಂದೆ ಹತ್ತಾರು ಆದೇಶಗಳು ಓಡುತ್ತವೆ. ದಿನಾಂತ್ಯದ ಬಡ್ಡಿ ಲೆಕ್ಕಕ್ಕೆ ಪ್ರತಿಯೊಂದು ಸಾಲವನ್ನೂ ಓದಲಾಗುತ್ತದೆ. ಅವೆಲ್ಲ ಬರೆದಿಟ್ಟರೆ ಡಿಸ್ಕ್ ತುಂಬುವುದು ಒಂದು ತೊಂದರೆ, ಆ ರಾಶಿಯನ್ನು ಯಾರೂ ಎಂದೂ ಓದದಿರುವುದು ಅದಕ್ಕಿಂತ ದೊಡ್ಡದು.

ಪೋಸ್ಟ್‌ಗ್ರೆಸ್‌ಗೆ ಪಿಜಿ-ಆಡಿಟ್ ಎಂಬ ಉಚಿತ ವಿಸ್ತರಣೆ ಇದೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಓದು, ಬರಹ ಮುಂತಾದ ವರ್ಗವನ್ನು ಆರಿಸಿ, ಆ ವರ್ಗದ ಎಲ್ಲ ಆದೇಶಗಳನ್ನೂ ದಾಖಲಿಸಬಹುದು. ಇನ್ನೊಂದರಲ್ಲಿ ಹೆಸರಿಗಷ್ಟೇ ಇರುವ ಒಂದು ಪಾತ್ರವನ್ನು (ರೋಲ್, ಅಂದರೆ ಡೇಟಾಬೇಸಿನೊಳಗಿನ ಒಂದು ಬಳಕೆದಾರ ಗುರುತು) ಸೃಷ್ಟಿಸಿ, ಯಾವ ಕೋಷ್ಟಕ, ಯಾವ ಅಂಕಣದ ಮೇಲೆ ಅದಕ್ಕೆ ಓದುವ ಹಕ್ಕು ಕೊಡುತ್ತೇವೋ ಅವನ್ನು ಮುಟ್ಟಿದ ಆದೇಶಗಳು ಮಾತ್ರ ದಾಖಲಾಗುತ್ತವೆ. ನಾವು ಎರಡನೆಯದನ್ನು ಆರಿಸಿ, ಮೊಬೈಲ್ ಸಂಖ್ಯೆ ಮತ್ತು ನಿವ್ವಳ ತೂಕದ ಅಂಕಣಗಳಿಗೆ ಮಾತ್ರ ಕಾವಲು ಹಾಕಿದೆವು. ವಿಸ್ತರಣೆ ಸೇರಿಸಲು ಡೇಟಾಬೇಸನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಬೇಕು. ಅದನ್ನು ಒಂದು ಭಾನುವಾರ ಮಾಡಿದೆವು. ವರದಿಗಳಿಗೆಂದು ಇಟ್ಟಿದ್ದ ಪ್ರತಿ-ಸರ್ವರಿನಲ್ಲಿಯೂ ಅದನ್ನು ಬೇರೆಯಾಗಿ ಹೊಂದಿಸಬೇಕು, ಏಕೆಂದರೆ ಅಲ್ಲಿ ಓಡಿದ ಓದು ಅಲ್ಲಿನ ಲಾಗಿನಲ್ಲಿ ಮಾತ್ರ ಬೀಳುತ್ತದೆ.

ಆದೇಶದೊಳಗಿನ ಮೌಲ್ಯಗಳನ್ನೂ ಬರೆಯುವಂತೆ ಮಾಡಬೇಕಾಯಿತು. ಇಲ್ಲದಿದ್ದರೆ ಸಾಫ್ಟ್‌ವೇರಿನಿಂದ ಬರುವ ಆದೇಶಗಳಲ್ಲಿ ಖಾತೆ ಸಂಖ್ಯೆ ಇರಬೇಕಾದ ಕಡೆ ಬರೀ ಒಂದು ಡಾಲರ್ ಚಿಹ್ನೆ, ಒಂದು ಅಂಕಿ ಕಾಣುತ್ತದೆ. ಹೀಗೆ ಮಾಡಿದಾಗ ಯಾರಾದರೂ ಮೊಬೈಲ್ ಸಂಖ್ಯೆ ಹಾಕಿ ಹುಡುಕಿದರೆ ಆ ಸಂಖ್ಯೆಯೂ ಲಾಗಿಗೆ ಬರುತ್ತದೆ. ಕದಿಯಲು ಯೋಗ್ಯವಾದ ಇನ್ನೊಂದು ಫೈಲನ್ನು ನಾವೇ ತಯಾರಿಸಿದಂತಾಯಿತು. ಹಾಗಾಗಿ ಲಾಗ್ ಹುಟ್ಟಿದ ಕ್ಷಣವೇ ಬೇರೊಂದು ಯಂತ್ರಕ್ಕೆ ಹೋಗುವಂತೆ ಮಾಡಿ, ಅದರ ಕೀಲಿಯನ್ನು ಸಾಲ ವಿಭಾಗಕ್ಕೂ ಸಾಫ್ಟ್‌ವೇರ್ ಕಂಪನಿಗೂ ಸಂಬಂಧವಿಲ್ಲದ ಆಂತರಿಕ ಲೆಕ್ಕ ಪರಿಶೋಧಕರಿಗೆ ಕೊಡಿಸಿದೆ. ಡೇಟಾಬೇಸಿನ ಪರಮಾಧಿಕಾರಿ ಖಾತೆ ಇದ್ದವರು ಪಿಜಿ-ಆಡಿಟನ್ನೇ ನಿಲ್ಲಿಸಿಬಿಡಬಹುದು. ಅದಕ್ಕೆ ಲಾಗ್ ಬರುವುದು ಕೆಲಸದ ವೇಳೆಯಲ್ಲಿ ನಿಂತರೆ ಅದನ್ನೇ ಎಚ್ಚರಿಕೆಯಾಗಿ ಪರಿಗಣಿಸುವ ನಿಯಮ ಹಾಕಿದೆವು.

ಎಲ್ಲಕ್ಕಿಂತ ಹೆಚ್ಚು ವಾಗ್ವಾದವಾದದ್ದು ಗುರುತಿನ ವಿಷಯಕ್ಕೆ. ‘ರಿಪೋರ್ಟ್’ ಖಾತೆಯನ್ನು ರದ್ದು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ಕೊಡುವುದು ಸುಲಭ. ಆದರೆ ಶಾಖೆಗಳ ನೌಕರರು ಸಾಫ್ಟ್‌ವೇರಿನ ಮೂಲಕ ಬರುತ್ತಾರೆ. ಅದು ಡೇಟಾಬೇಸಿಗೆ ಒಂದೇ ಹೆಸರಿನಲ್ಲಿ ಸೇರುತ್ತದೆ. ಸಂಪರ್ಕಗಳನ್ನು ಹಂಚಿಕೊಳ್ಳುವ ಪೂಲರ್ ಬೇರೆ ನಡುವೆ ಇದೆ. ಪ್ರತಿಯೊಂದು ವ್ಯವಹಾರದ ಆರಂಭದಲ್ಲಿ ನೌಕರರ ಸಂಖ್ಯೆ ಮತ್ತು ಅವರು ಕುಳಿತ ಕಂಪ್ಯೂಟರಿನ ವಿಳಾಸವನ್ನು ‘ಅಪ್ಲಿಕೇಶನ್ ನೇಮ್’ ಎಂಬ ಅಂಕಣದಲ್ಲಿ, ಆ ವ್ಯವಹಾರದ ಮಟ್ಟಿಗೆ ಮಾತ್ರ ಇರುವಂತೆ ಬರೆಯಿರಿ ಎಂದು ಕಂಪನಿಯನ್ನು ಕೇಳಿದೆವು. ಇಡೀ ಸಂಪರ್ಕಕ್ಕೆ ಅನ್ವಯಿಸುವಂತೆ ಬರೆದರೆ, ಅದೇ ಸಂಪರ್ಕ ಮರುಕ್ಷಣ ಬೇರೆಯವರಿಗೆ ಸಿಕ್ಕಾಗ ಅವರ ಓದು ಇವರ ತಲೆಗೆ ಬರುತ್ತದೆ. ನೌಕರರ ಹೆಸರನ್ನೇ ಕನ್ನಡದಲ್ಲಿ ಹಾಕಬಹುದಲ್ಲ ಎಂದು ಒಬ್ಬ ನಿರ್ದೇಶಕರು ಕೇಳಿದರು; ಆ ಅಂಕಣ ಆಸ್ಕಿ ಅಕ್ಷರಗಳನ್ನು, ಅಂದರೆ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳನ್ನು ಮಾತ್ರ ನೆಟ್ಟಗೆ ಇಟ್ಟುಕೊಳ್ಳುತ್ತದೆ, ಅದರ ಉದ್ದವೂ 63 ಅಕ್ಷರಕ್ಕೆ ಮುಗಿಯುತ್ತದೆ. ಕಂಪನಿ ಮೊದಲು ಇದಕ್ಕೆ ಪ್ರತ್ಯೇಕ ಶುಲ್ಕ ಕೇಳಿತು. ಕಲಂ 72-ಎ ಎಂಬ ಮಾತು ಸಭೆಯಲ್ಲಿ ಬಂದ ಮೇಲೆ ಶುಲ್ಕದ ಪ್ರಸ್ತಾಪ ನಿಂತಿತು. ಕರಾರಿನ ಮೇಲೆ ಸೇವೆ ಕೊಡುವವರು ವೈಯಕ್ತಿಕ ಮಾಹಿತಿಯನ್ನು ದುರುದ್ದೇಶದಿಂದ ಹೊರಗೆ ಕೊಟ್ಟರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಂ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು.

ಸುಳ್ಳು ಕೂಗು

ದಾಖಲೆ ಶುರುವಾದ ಮೇಲೆ ಮೊದಲು ಇಟ್ಟದ್ದು ಎಲ್ಲರೂ ಇಡುವ ನಿಯಮ: ಒಬ್ಬ ನೌಕರ ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಖಾತೆಗಳನ್ನು ತೆರೆದರೆ ಎಚ್ಚರಿಕೆ. ಅದು ಕೂಗಿದ್ದೇ ಕೂಗಿದ್ದು. ಶ್ರೀರಂಗಪಟ್ಟಣದ ಒಬ್ಬ ಗುಮಾಸ್ತರು ಒಂದೇ ಮಧ್ಯಾಹ್ನ ಖಾತೆಯ ಮೇಲೆ ಖಾತೆ ತೆರೆದಿದ್ದರು. ವಿಚಾರಿಸಿದರೆ ಸುಸ್ತಿದಾರರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಬಡ್ಡಿ ಕಟ್ಟಿಸಿಕೊಂಡಿದ್ದರು, ಅಂದಿನ ವಸೂಲಿ ಶಾಖೆಗಳಲ್ಲೇ ಹೆಚ್ಚು. ಅವರನ್ನು ಅನುಮಾನಿಸಿ ಕೇಳಿದ್ದಕ್ಕೆ ಅವರು ಮುನಿಸಿಕೊಂಡದ್ದೂ ನ್ಯಾಯವೇ.

ಈ ಭಾಗದ ಚಿನ್ನದ ಸಾಲಕ್ಕೆ ಬೆಳೆಯ ಲಯವಿದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುವ ಸುದ್ದಿ ಬಂತೆಂದರೆ ಭತ್ತದ ನಾಟಿಗೆ, ಗೊಬ್ಬರಕ್ಕೆ ಒಡವೆಗಳು ಒಳಬರುತ್ತವೆ. ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಡವಾದಷ್ಟೂ ಒಡವೆ ಲಾಕರಿನಲ್ಲಿಯೇ ಉಳಿದು ಸುಸ್ತಿಯಾಗುತ್ತದೆ, ಬಿಲ್ಲು ಬಂದ ವಾರ ಬಿಡಿಸಿಕೊಳ್ಳುವವರ ಸಾಲು ನಿಲ್ಲುತ್ತದೆ. ಮದುವೆಗೆಂದು ಬಿಡಿಸಿ, ಮದುವೆ ಮುಗಿದ ವಾರವೇ ಮತ್ತೆ ತಂದಿಡುವವರಿದ್ದಾರೆ. ಚಿನ್ನದ ದರ ಏರಿದ ಮರುದಿನ ‘ಇನ್ನೆಷ್ಟು ಹೆಚ್ಚು ಸಾಲ ಸಿಗುತ್ತದೆ’ ಎಂದು ಕೇಳಲು ಬರುವವರಿಗಾಗಿ ಗುಮಾಸ್ತರು ಖಾತೆ ತೆರೆದು ನೋಡಲೇಬೇಕು. ಮಾರ್ಚ್ ಕೊನೆಯ ವಾರದ ಗಡಿಬಿಡಿ ಬೇರೆ. ಸರಾಸರಿ ಎಂಬ ಒಂದು ಗೆರೆ ಎಳೆದು ಅದರ ಮೇಲಿನದ್ದೆಲ್ಲ ಅನುಮಾನಾಸ್ಪದ ಎನ್ನುವ ವಿಧಾನ ಇಂಥ ಊರಿನಲ್ಲಿ ನಿಲ್ಲುವುದಿಲ್ಲ. ಅತ್ತ ನಿಜವಾದ ಕಳ್ಳ ದಿನಕ್ಕೆ ನಾಲ್ಕೈದು ಖಾತೆ ನೋಡಿ ಸುಮ್ಮನಿದ್ದರೆ ಆ ಗೆರೆ ಅವನನ್ನು ಮುಟ್ಟುವುದೂ ಇಲ್ಲ.

ಕೆಲಸವಿಲ್ಲದ ಓದು

ದಾರಿ ತೋರಿಸಿದ್ದು ಆಂತರಿಕ ಲೆಕ್ಕ ಪರಿಶೋಧಕರಾದ ಒಬ್ಬ ಮೇಡಂ. ‘ವೋಚರ್ ಇಲ್ಲದ ಖರ್ಚನ್ನು ನಾವು ಹಿಡಿಯುತ್ತೇವಲ್ಲ, ಹಾಗೆ ವೋಚರ್ ಇಲ್ಲದ ಓದನ್ನು ಹಿಡಿಯಲು ಬರುವುದಿಲ್ಲವೇ?’ ಎಂದು ಅವರು ಕೇಳಿದರು. ಬರುತ್ತದೆ. ಕಾರಣವಿದ್ದು ಖಾತೆ ತೆರೆದವರು ಏನಾದರೂ ಗುರುತು ಬಿಟ್ಟಿರುತ್ತಾರೆ: ಬಡ್ಡಿ ರಸೀದಿ, ನವೀಕರಣ, ಬಿಡುಗಡೆ, ನೋಟಿಸ್, ಕರೆ ಪುಸ್ತಕದಲ್ಲಿ ಒಂದು ಸಾಲು. ಲಾಗಿನಲ್ಲಿ ನೌಕರರ ಸಂಖ್ಯೆಯೂ ಖಾತೆ ಸಂಖ್ಯೆಯೂ ಇದ್ದುದರಿಂದ ಅದನ್ನು ಆ ದಿನದ ವ್ಯವಹಾರಗಳೊಂದಿಗೆ ಜೋಡಿಸಿ, ಗುರುತು ಬಿಡದ ಓದುಗಳನ್ನು ಮಾತ್ರ ತೆಗೆದೆವು. ಕರೆ ಪುಸ್ತಕ ಅಲ್ಲಿಯವರೆಗೆ ಕಾಗದದಲ್ಲಿತ್ತು. ಇದಕ್ಕಾಗಿ ಅದನ್ನು ಸಾಫ್ಟ್‌ವೇರಿಗೆ ತರಿಸಬೇಕಾಯಿತು.

ಗುರುತಿಲ್ಲದ ಓದು ಪ್ರತಿದಿನವೂ ಇರುತ್ತದೆ. ತಪ್ಪು ಸಂಖ್ಯೆ ಒತ್ತಿರುತ್ತಾರೆ. ಗ್ರಾಹಕರು ಬಾಕಿ ಕೇಳಿ, ನಾಳೆ ಬರುತ್ತೇನೆ ಎಂದು ಹೋಗಿರುತ್ತಾರೆ. ಆದರೆ ಅವು ಕೆಲಸದ ವೇಳೆಯಲ್ಲಿ, ತಮ್ಮದೇ ಶಾಖೆಯ ಖಾತೆಗಳಲ್ಲಿ, ತೂಕ ಹೆಚ್ಚು ಕಡಿಮೆ ಎನ್ನದೆ ಚದುರಿರುತ್ತವೆ. ಒಂದು ನೌಕರ ಸಂಖ್ಯೆಯ ಓದುಗಳು ಹಾಗಿರಲಿಲ್ಲ. ಮದ್ದೂರು ಶಾಖೆಯ ಗುಮಾಸ್ತೆಯೊಬ್ಬರ ಸಂಖ್ಯೆ ಅದು. ದಿನಕ್ಕೆ ಬೆರಳೆಣಿಕೆಯಷ್ಟು ಖಾತೆಗಳು, ಸಂಜೆ ಆರೂವರೆಯ ನಂತರ, ಬೇರೆ ಬೇರೆ ಶಾಖೆಗಳವು, ಎಲ್ಲವೂ ಗಡುವು ಸಮೀಪಿಸಿದ, ತೂಕದ ಒಡವೆಗಳು. ಯಾವ ಶಾಖೆಯಲ್ಲಾದರೂ ಬಡ್ಡಿ ಕಟ್ಟಬಹುದು ಎಂಬ ಅನುಕೂಲಕ್ಕಾಗಿ ಎಲ್ಲ ಶಾಖೆಗಳ ಖಾತೆಗಳನ್ನೂ ಎಲ್ಲರೂ ತೆರೆಯುವಂತೆ ಬಿಡಲಾಗಿತ್ತು.

ಮಂಡಳಿಯ ಇಬ್ಬರು ಅಂದೇ ಆಕೆಯನ್ನು ಅಮಾನತು ಮಾಡಬೇಕೆಂದರು. ಸಂಖ್ಯೆಯ ಪಕ್ಕದಲ್ಲಿದ್ದ ಕಂಪ್ಯೂಟರಿನ ವಿಳಾಸ ನೋಡಿ ಎಂದು ತಡೆಯಬೇಕಾಯಿತು. ಅದು ಮದ್ದೂರಿನದಲ್ಲ, ಮೈಸೂರಿನ ಮುಖ್ಯ ಕಚೇರಿಯದು. ಬೆರಳಚ್ಚು ಹಾಜರಿ ಯಂತ್ರದ ಪ್ರಕಾರ ಆಕೆ ಆ ಎಲ್ಲ ದಿನಗಳಲ್ಲೂ ಐದೂವರೆಗೆಲ್ಲ ಮದ್ದೂರಿನ ಶಾಖೆಯಿಂದ ಹೊರಟಿದ್ದರು. ಹಿಂದೊಮ್ಮೆ ತಪ್ಪಾದ ವೋಚರ್ ಒಂದನ್ನು ತುರ್ತಾಗಿ ಸರಿಪಡಿಸಲು ಮುಖ್ಯ ಕಚೇರಿಯವರು ಆಕೆಯ ಪಾಸ್‌ವರ್ಡ್ ಕೇಳಿ ಪಡೆದಿದ್ದರು. ಆಕೆ ಕೊಟ್ಟಿದ್ದರು, ಮೇಲಿನ ಕಚೇರಿಯಿಂದ ಕೇಳಿದಾಗ ಕೊಡುವುದಿಲ್ಲ ಎನ್ನುವ ಗುಮಾಸ್ತೆ ಯಾವ ಸಹಕಾರಿಯಲ್ಲಿದ್ದಾರೆ? ಅದನ್ನು ಬದಲಿಸಿ ಎಂದು ನಂತರ ಯಾರೂ ಹೇಳಲಿಲ್ಲ.

ಓದಿದ್ದು ಸಾಬೀತಾದರೂ ಹೊರಗೆ ಹೋದದ್ದು ಸಾಬೀತಾಗುವುದಿಲ್ಲ. ಅದಕ್ಕೆ ಬಲೆ ಬೇಕು. ಸುಳ್ಳು ಸಾಲಗಾರರನ್ನು ಸೃಷ್ಟಿಸಿ, ಅವರ ಖಾತೆ ತೆರೆದವರನ್ನು ಹಿಡಿಯುವುದು ಪುಸ್ತಕದ ವಿಧಾನ. ಹಣಕಾಸು ಸಂಸ್ಥೆಯಲ್ಲಿ ಅದು ನಡೆಯದು: ಇಲ್ಲದ ಸಾಲ ಬರೆದರೆ ತಾಳೆಪಟ್ಟಿ ಕೆಡುತ್ತದೆ, ಲಾಕರಿನಲ್ಲಿ ಇಲ್ಲದ ಚಿನ್ನಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ಮೂವರು ನಿರ್ದೇಶಕರ ಮನೆಯವರ ಹೆಸರಿನಲ್ಲಿ ಮೂರು ಶಾಖೆಗಳಲ್ಲಿ ನಿಜವಾದ ಹಳೆಯ ಸಾಲಗಳಿದ್ದವು. ಅವನ್ನು ಬೇಕೆಂದೇ ನವೀಕರಿಸದೆ ಬಿಟ್ಟು, ಹೊಸದಾಗಿ ಕೊಂಡ ಮೂರು ಸಿಮ್‌ಗಳ ಸಂಖ್ಯೆಗಳನ್ನು ಆ ಖಾತೆಗಳಿಗೆ ಹಾಕಿದೆವು. ಆ ಸಂಖ್ಯೆಗಳನ್ನು ಬೇರೆಲ್ಲಿಯೂ ಬಳಸಲಿಲ್ಲ. ನಿರ್ದೇಶಕರೊಬ್ಬರ ಪತ್ನಿ, ‘ಸುಸ್ತಿದಾರರ ಪಟ್ಟಿಯಲ್ಲಿ ನನ್ನ ಹೆಸರು ನೋಟಿಸ್ ಬೋರ್ಡಿಗೆ ಬಂದರೆ ನೋಡಿ’ ಎಂದು ಎಚ್ಚರಿಸಿಯೇ ಒಪ್ಪಿದರಂತೆ.

ಪಾಂಡವಪುರದ ಖಾತೆ ಮೊದಲು ತೆರೆಯಿತು. ಅದೇ ನೌಕರ ಸಂಖ್ಯೆ, ಮುಖ್ಯ ಕಚೇರಿಯ ಅದೇ ಕಂಪ್ಯೂಟರ್, ಸಂಜೆ. ಆ ವಾರ ಮುಗಿಯುವುದರೊಳಗೆ ಆ ಸಿಮ್‌ಗೆ ಕರೆ ಬಂತು. ನಿವ್ವಳ ತೂಕವನ್ನು ದಶಾಂಶದ ಮೂರು ಸ್ಥಾನದವರೆಗೆ ಹೇಳಿದರು. ಸಿಸಿಟಿವಿಯಲ್ಲಿ ಆ ಹೊತ್ತಿಗೆ ಆ ಮೇಜಿನ ಮುಂದೆ ಯಾರೂ ಇರಲಿಲ್ಲ. ಎಲ್ಲರಿಗೂ ಒಂದು ಕ್ಷಣ ಕೈಕಾಲು ಆಡಲಿಲ್ಲ. ನಂತರ ಗೊತ್ತಾದದ್ದು ಸಿಸಿಟಿವಿಯ ಗಡಿಯಾರ 11 ನಿಮಿಷ ಹಿಂದಿದೆ ಎಂದು. ಕಂಪ್ಯೂಟರ್‌ಗಳ ಗಡಿಯಾರವನ್ನು ಕೇಂದ್ರ ಸರ್ಕಾರದ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರಿಗೆ ಹೊಂದಿಸಬೇಕೆಂದು ಸರ್ಟ್-ಇನ್ ನಿರ್ದೇಶನದಲ್ಲಿಯೇ ಇದೆ. ಕ್ಯಾಮೆರಾ ಪೆಟ್ಟಿಗೆಯ ಬಗ್ಗೆ ಯಾರಿಗೂ ನೆನಪಾಗಿರಲಿಲ್ಲ. ವ್ಯತ್ಯಾಸ ಕಳೆದು ನೋಡಿದಾಗ ಸಾಲ ವಿಭಾಗದ ಒಬ್ಬರು ಕುಳಿತಿದ್ದು ಕಂಡಿತು.

ಆಮೇಲೆ

ಅವರನ್ನು ಅಮಾನತಿನಲ್ಲಿಟ್ಟು ಮೈಸೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ದೂರು ಕೊಡಲಾಯಿತು. ವಸೂಲಿಗಾಗಿ ನೋಡುತ್ತಿದ್ದೆ ಎಂಬುದು ಅವರ ಉತ್ತರ; ಕರೆ ಪುಸ್ತಕದಲ್ಲಿ ಅವರ ಒಂದು ಸಾಲೂ ಇಲ್ಲ, ಬೇರೆಯವರ ಸಂಖ್ಯೆ ಯಾಕೆ ಬಳಸಿದಿರಿ ಎಂಬುದಕ್ಕೆ ಉತ್ತರವೂ ಇಲ್ಲ. ಅದನ್ನು ಪೊಲೀಸರು, ನ್ಯಾಯಾಲಯ ನೋಡಿಕೊಳ್ಳುತ್ತಾರೆ. 14ರ ಸಂಜೆಯ ಆ ದೊಡ್ಡ ಆದೇಶವನ್ನು ಮಾತ್ರ ಅವರ ತಲೆಗೆ ಕಟ್ಟಲು ಸಾಧ್ಯವಿಲ್ಲ ಎಂದು ನನ್ನ ವರದಿಯಲ್ಲಿ ಸ್ಪಷ್ಟವಾಗಿ ಬರೆದೆ. ಮಂಡಳಿಗೆ ಅದು ರುಚಿಸಲಿಲ್ಲ. ಆದರೆ ಹಂಚಿಕೊಂಡ ಖಾತೆಯ ಹಿಂದೆ ಯಾರಿದ್ದರು ಎಂಬುದಕ್ಕೆ ಲಾಗಿನಲ್ಲಿ ಪುರಾವೆ ಇಲ್ಲ. ಅದು ಅವರೇ ಇರಬಹುದು, ಬೆಂಬಲ ತಂಡದವರೂ ಇರಬಹುದು.

ಇನ್ನೊಂದು ತೂತು ಇದರ ನಡುವೆ ಸಿಕ್ಕಿತು. ರಾತ್ರಿಯ ಬ್ಯಾಕಪ್ ನಕಲೊಂದು ಮೇಜಿನ ಡ್ರಾಯರಿನಲ್ಲಿ, ಬೀಗವಿಲ್ಲದ ಯುಎಸ್‌ಬಿ ಡಿಸ್ಕಿನಲ್ಲಿ ಬಿದ್ದಿರುತ್ತಿತ್ತು. ಅದನ್ನು ಮನೆಗೆ ಒಯ್ದು ಸ್ವಂತ ಲ್ಯಾಪ್‌ಟಾಪಿನಲ್ಲಿ ತೆರೆದವರ ಓದು ನಮ್ಮ ಯಾವ ಲಾಗಿಗೂ ಬರುವುದಿಲ್ಲ. ಈಗ ಬ್ಯಾಕಪ್ ಗೂಢಲಿಪಿಯಲ್ಲಿ ಇರುತ್ತದೆ, ಅದರ ಕೀಲಿ ಎರಡು ಕೈಗಳಲ್ಲಿ ಹಂಚಿಹೋಗಿದೆ. ಕಾಲಾವಧಿ ಮುಗಿದ ಸಾಲಗಳ ಮೊಬೈಲ್ ಸಂಖ್ಯೆ ಕೌಂಟರಿನ ಪರದೆಯಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ; ಪೂರ್ತಿ ಬೇಕಾದರೆ ಕಾರಣ ಆರಿಸಬೇಕು. ಗುಮಾಸ್ತರಿಗೆ ಇದು ಕಿರಿಕಿರಿ, ಮೊದಮೊದಲು ಎಲ್ಲರೂ ‘ಇತರೆ’ ಎಂದೇ ಆರಿಸುತ್ತಿದ್ದರು. ಆ ಆಯ್ಕೆಯನ್ನೇ ತೆಗೆಸಿದೆವು.

ಬೆಳಗ್ಗೆ ಕಚೇರಿ ತೆರೆದಾಗ ಆಂತರಿಕ ಪರಿಶೋಧಕರ ಮುಂದೆ ಹಿಂದಿನ ದಿನದ ಗುರುತಿಲ್ಲದ ಓದುಗಳ ಒಂದು ಪುಟ ಇರುತ್ತದೆ. ಅವರು ಅದನ್ನು ಶಾಖೆಗಳಿಗೆ ಫೋನ್ ಮಾಡಿ ತಾಳೆ ನೋಡುತ್ತಾರೆ. ಸಾಫ್ಟ್‌ವೇರ್ ಕಂಪನಿ ಈಚೆಗೆ ಹೊಸ ಆವೃತ್ತಿ ಹಾಕಿದಾಗ ಮರುದಿನ ಆ ಪುಟ ಹತ್ತಾರು ಪುಟವಾಗಿ ಬಂತು: ಎಲ್ಲ ಸಾಲುಗಳಲ್ಲೂ ನೌಕರರ ಸಂಖ್ಯೆಯ ಜಾಗ ಖಾಲಿ. ಗುರುತು ಬರೆಯುವ ಆ ತುಣುಕನ್ನು ಹೊಸ ಆವೃತ್ತಿಗೆ ಸೇರಿಸಲು ಅವರು ಮರೆತಿದ್ದರು. ಮೇಡಂ ಅಂದು ಹಳೆಯ ಆವೃತ್ತಿಯನ್ನೇ ಮರಳಿ ಹಾಕಿಸಿ, ಹೊಸದರ ಬಿಲ್ಲನ್ನು ತಡೆಹಿಡಿದಿದ್ದಾರೆ.